ಗ್ಲೆನ್‌ಗ್ಯಾರಿ ಟೊಪ್ಪಿಯ ಎಡಗಡೆಯ ಹೂವಿನ ಕುರಿತು

ಹಮ್ರಿಯಾ, ಮಸ್ಕತ್
ಡಿಸೆಂಬರ್ ೧೯೮೮

ಮಾನ್ಯ ಗ್ಲೆನ್‌ಗ್ಯಾರಿ ಟೊಪ್ಪಿಯವರ ಸನ್ನಿಧಿಗೆ,

ಸ್ಕಾಟ್ಲೆಂಡಿನ ಉಣ್ಣೆಯಲ್ಲಿ ಜನಿಸಿ, ನಮ್ಮ ಮ್ಯಾನೇಜರ್ ಮ್ಯಾಕ್‌ನಿಕೋಲ್ ಸಾಹೇಬರ ತಲೆಯನ್ನು ಆಳುತ್ತಾ, ಸದ್ಯಕ್ಕೆ ನನ್ನ ಬಾಡಿಗೆ ಕೋಣೆಯಲ್ಲಿ ಬಿಡಾರ ಹೂಡಿರುವ ತಮಗೆ, ಅದೇ ಸಾಹೇಬರ ಕಚೇರಿಯ ಗುಮಾಸ್ತ, ಉಡುಪಿ ಕಡೆಯ ಭೋಜರಾಜ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ, ಯಾಕೆಂದರೆ ಕೋಣೆಯ ಒಂದೇ ಒಂದು ಎ.ಸಿ. ತಮ್ಮ ಕಡೆಗೇ ಮುಖಮಾಡಿದೆ. ನಾನು ಕ್ಷೇಮವಾಗಿಲ್ಲ. ಅದನ್ನು ವಿವರಿಸಲೆಂದೇ ಈ ಪತ್ರ. ತಮಗೆ ಓದಲು ಬಾರದಿರುವುದರಿಂದ ಇದನ್ನು ಬಹಿರಂಗ ಪತ್ರವಾಗಿಸಿ ಹಮ್ರಿಯಾದ ನಮ್ಮ ಸ್ನೇಹಕೂಟದ ನೋಟೀಸ್ ಬೋರ್ಡಿಗೂ ಅಂಟಿಸಲಿದ್ದೇನೆ.

ತಮ್ಮ ಹಿರಿಮೆಯನ್ನು ಹೇಳದೆ ನೇರವಾಗಿ ದೂರಿಗಿಳಿಯುವುದು ನನ್ನ ಸಂಸ್ಕಾರವಲ್ಲ. ಮಡಚಿದರೆ ಮಕ್ಕಳ ಕಾಗದದ ದೋಣಿ, ಬಿಡಿಸಿ ತಲೆಗಿಟ್ಟರೆ ಸಾಕ್ಷಾತ್ ಅಧಿಕಾರ. ನೆತ್ತಿಯಲ್ಲೊಂದು ಕೆಂಪು ಉಣ್ಣೆಯ ಚೆಂಡು, ಅಂಚಿನಲ್ಲಿ ಕೆಂಪು ಬಿಳಿ ಚೌಕಗಳು, ಹಿಂದೆ ಯಾವ ಕೆಲಸಕ್ಕೂ ಬಾರದ ಎರಡು ಕಪ್ಪು ರಿಬ್ಬನ್ನುಗಳು. ನಮ್ಮ ತುಳುನಾಡಿನ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ ಬಿಸಿಲು ತಡೆಯುತ್ತದೆ, ಮಳೆ ತಡೆಯುತ್ತದೆ, ಬಾಯಾರಿದರೆ ಅದರಲ್ಲೇ ನೀರು ಮೊಗೆದು ಕುಡಿಯಬಹುದು, ಆದ್ದರಿಂದಲೇ ಅದಕ್ಕೆ ಮರ್ಯಾದೆ ಕಡಿಮೆ. ಇಲ್ಲಿನ ಒಮಾನಿಗಳ ಕಸೂತಿ ಟೊಪ್ಪಿಗೆ ಗಾಳಿಯಾಡಲು ಸೂಜಿತೂತುಗಳಾದರೂ ಇವೆ. ತಾವೋ, ಡಾಮರು ಕರಗುವ ದೇಶಕ್ಕೆ ಬಂದ ಮೇಲೂ ದಪ್ಪ ಉಣ್ಣೆಯಾಗಿಯೇ ಉಳಿದು, ಕಣ್ಣಿಗೆ ನೆರಳಾಗುವಷ್ಟು ಅಂಚನ್ನೂ ಬೆಳೆಸಿಕೊಳ್ಳದೆ ತತ್ವಕ್ಕೆ ಅಂಟಿಕೊಂಡಿದ್ದೀರಿ. ತಮ್ಮ ಜೊತೆಗಾರ ಕಿಲ್ಟ್ ಎಂಬ ಚೌಕುಳಿ ಲಂಗದ ಬಗ್ಗೆಯೂ ನನ್ನ ತಕರಾರಿಲ್ಲ. ನಮ್ಮೂರಲ್ಲಿ ಹಿರಿಯರು ಎದುರಾದರೆ ಎತ್ತಿ ಕಟ್ಟಿದ ಮುಂಡನ್ನು ಕೆಳಗಿಳಿಸಬೇಕು; ಕಿಲ್ಟ್ ಹುಟ್ಟುವಾಗಲೇ ಮೊಣಕಾಲಿನವರೆಗೆ ಎತ್ತಿಕೊಂಡಿರುವುದರಿಂದ ಸಾಹೇಬರು ಯಾರೆದುರೂ ಅದನ್ನು ಇಳಿಸುವ ಪ್ರಮೇಯವೇ ಇಲ್ಲ. ಮ್ಯಾನೇಜರುಗಳಿಗೆ ಬಹಳ ಅನುಕೂಲವಾದ ಉಡುಪು.

ವಿಷಯಕ್ಕೆ ಬರುತ್ತೇನೆ. ಮದುವೆಯಾದ ಮೇಲೆ ನನ್ನ ಹೆಂಡತಿ ಕುಸುಮ ನನ್ನ ಜೊತೆ ಇದ್ದದ್ದು ಒಂದು ರಜೆಯಷ್ಟು ಕಾಲ. ಅವಳನ್ನು ಇಲ್ಲಿಗೆ ಕರೆಸಿಕೊಳ್ಳಲು ವೀಸಾ ಬೇಕು, ವೀಸಾಕ್ಕೆ ಕಂಪನಿಯ ಪತ್ರ ಬೇಕು, ಪತ್ರಕ್ಕೆ ಸಾಹೇಬರ ಸಹಿ ಬೇಕು, ಸಹಿಗೆ ಸಾಹೇಬರ ಮೂಡ್ ಬೇಕು. ಕಳೆದ ತಿಂಗಳು ಸ್ಕಾಟ್ಲೆಂಡಿನವರ ಸಂತ ಆಂಡ್ರೂ ಹಬ್ಬಕ್ಕೆ ಮುಂಚೆ ಅವರು ತಮ್ಮನ್ನು ಪೆಟ್ಟಿಗೆ ಸಮೇತ ನನ್ನ ಕೈಗಿತ್ತು, ಜಿರಳೆ ತಿಂದ ರಿಬ್ಬನ್ನುಗಳನ್ನು ಬದಲಾಯಿಸಿ ತರಲು ಹೇಳಿ, ಹಬ್ಬದ ಮರುದಿನ ನನ್ನ ಪತ್ರಕ್ಕೆ ಸಹಿ ಹಾಕುವುದಾಗಿ ಮಾತು ಕೊಟ್ಟರು. ಆ ಸಂಜೆಯೇ ನಾನು ರೂವಿಯ ಪೇಟೆಗೆ ಹೋಗಿ ಎರಡನೆಯ ತಲೆದಿಂಬು ಕೊಂಡುತಂದೆ.

ತಮ್ಮನ್ನು ಕರೆದೊಯ್ದದ್ದು ನಮ್ಮೂರಿನವನೇ ಆದ ಟೈಲರ್ ಕೊಗ್ಗಣ್ಣನ ಅಂಗಡಿಗೆ. ರಿಬ್ಬನ್ನು ಹೊಲಿದು ಮುಗಿಸಿದ ಮೇಲೆ ಅವನ ಕಣ್ಣು ತಮ್ಮ ಎಡಮಗ್ಗುಲಿಗೆ ಬಿತ್ತು. ಅಲ್ಲಿ ಕಪ್ಪು ರಿಬ್ಬನ್ನಿನದೇ ಒಂದು ಹೂವು, ಅದರ ಮೇಲೆ ಸಾಹೇಬರ ಮನೆತನದ ಬೆಳ್ಳಿಬಿಲ್ಲೆ. "ಎಡಗಡೆಗೆ ಯಾರಾದ್ರೂ ಬಿರುದು ಕಟ್ತಾರಾ ಮಾರಾಯ್ರೆ? ಮೊದಲು ಹೊಲಿದವನಿಗೆ ಗೊತ್ತಿರ್ಲಿಲ್ಲ ಕಾಣ್ತದೆ," ಎಂದ. ನನಗೂ ಹೌದೆನಿಸಿತು. ಪ್ರಸಾದ ತೆಗೆದುಕೊಳ್ಳುವುದು ಬಲಗೈಯಲ್ಲಿ, ಹೊಸ ಮನೆಗೆ ಕಾಲಿಡುವುದು ಬಲಗಾಲಲ್ಲಿ. ಒಮಾನಿಗಳೂ ಕಾಫಿಯ ಬಟ್ಟಲನ್ನು ಬಲಗೈಯಲ್ಲೇ ಕೊಡುತ್ತಾರೆ, ಬಲಗೈಯಲ್ಲೇ ತೆಗೆದುಕೊಳ್ಳುತ್ತಾರೆ. ಇಷ್ಟು ಜನ ಒಪ್ಪಿದ ವಿಷಯದಲ್ಲಿ ತಾವೊಬ್ಬರೇ ತಪ್ಪಿರಬೇಕೆಂದು ತೋರಿ, ಸಾಹೇಬರಿಗೆ ಶ್ರೇಯಸ್ಸಾಗಲಿ ಎಂಬ ಶುದ್ಧ ಮನಸ್ಸಿನಿಂದ ಹೂವನ್ನೂ ಬಿಲ್ಲೆಯನ್ನೂ ಬಲಕ್ಕೆ ಹೊಲಿಸಿದೆವು. ಕೊಗ್ಗಣ್ಣ ಅದನ್ನು ಪುಣ್ಯದ ಕೆಲಸವೆಂದೇ ಮಾಡಿದ.

ತಾವು ಆಗಲೇ ಒಂದು ಮಾತು ಹೇಳಬಹುದಿತ್ತು. ಬಲಗಡೆ ಬಿಲ್ಲೆ ಇಡುವುದು ಐರ್ಲೆಂಡಿನವರ ಪದ್ಧತಿಯಂತೆ. ಅದು ನನಗೆ ತಿಳಿದದ್ದು ಹಬ್ಬದ ಕೂಟ ನಡೆದ ಹೋಟೆಲಿನಲ್ಲಿ, ಬಂದವರಿಗೆ ಕುರ್ಚಿ ತೋರಿಸುತ್ತಾ ನಿಂತಿದ್ದಾಗ. ಸಾಹೇಬರು ಬಾಗಿಲಲ್ಲೇ ಅವಸರದಿಂದ ತಮ್ಮನ್ನು ಪೆಟ್ಟಿಗೆಯಿಂದ ತೆಗೆದು, ಕನ್ನಡಿ ನೋಡದೆ ತಲೆಗಿಟ್ಟು, ಬ್ಯಾಗ್‌ಪೈಪ್ ಊದುವವನ ಹಿಂದೆ ಎದೆಯುಬ್ಬಿಸಿ ಒಳಗೆ ನಡೆದರು. ನಮ್ಮ ಅಕೌಂಟ್ಸ್ ಮುಖ್ಯಸ್ಥ ಡೂಲನ್ ಸಾಹೇಬರು ಐರ್ಲೆಂಡಿನವರು. ಅವರ ಕಡೆಯ ಕಾಬೀನ್ ಎಂಬ ಟೊಪ್ಪಿ ಕಾವಲಿಯಿಂದ ಅರ್ಧ ಜಾರಿದ ದೋಸೆಯ ಹಾಗೆ ಎಡಕ್ಕೆ ಇಳಿಬಿದ್ದು, ಬಿಲ್ಲೆಯನ್ನು ಬಲಗಡೆ ಮೆರೆಸುತ್ತದೆ. ಅವರು ಎದ್ದು ಬಂದು ನಮ್ಮ ಸಾಹೇಬರನ್ನು ತಬ್ಬಿಕೊಂಡು, ಕಳೆದುಹೋಗಿದ್ದ ಐರಿಷ್ ಸಹೋದರ ಕೊನೆಗೂ ಮನೆ ಸೇರಿದನೆಂದು ಸಭೆಗೆ ಸಾರಿದರು. ಸಭೆ ಮೇಜು ಬಡಿದು ನಕ್ಕಿತು, ಪೈಪಿನವನು ಇದ್ದ ಧಾಟಿಯನ್ನು ಬಿಟ್ಟು ಐರಿಷ್ ಧಾಟಿ ಹಿಡಿದ.

ಮರುದಿನ ನನ್ನ ಪತ್ರ ಸಾಹೇಬರ ಮೇಜಿನ ಮೇಲಿಂದ ಡ್ರಾಯರಿನ ಒಳಗೆ ಹೋಯಿತು. ಹೊಸ ವರ್ಷಕ್ಕೆ ಸೊಹಾರ್ ಸೈಟಿನಲ್ಲಿ ಇನ್ನೊಂದು ಕೂಟವಿದೆ, ಅದರೊಳಗೆ ಟೊಪ್ಪಿ ಸರಿಯಾಗಲಿ, ಹೆಂಡತಿಯ ವಿಷಯ ಆಮೇಲೆ ನೋಡೋಣ ಎಂದರು. ಸಿಟ್ಟಿನಿಂದ ಹೇಳಿದ್ದರೆ ಮರೆಯುತ್ತಿದ್ದೆ. ಸ್ಟೇಷನರಿ ತರಿಸುವ ವಿಷಯದಂತೆ ಸಾದಾ ದನಿಯಲ್ಲಿ ಹೇಳಿದರು, ನನಗೆ ನೋವಾದದ್ದು ಅದಕ್ಕೆ.

ಇದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕುಸುಮಾಳಿಗೆ ಕಳಿಸಿದೆ. ಧೂಳು ತಾಗಬಾರದೆಂದು ತಮ್ಮನ್ನು ಎರಡನೆಯ ತಲೆದಿಂಬಿನ ಮೇಲೆ ಕೂರಿಸಿರುವುದನ್ನೂ ನಗುತ್ತಾ ಹೇಳಿದ್ದೆ. ಅವಳ ಉತ್ತರದ ಕ್ಯಾಸೆಟ್ಟು ಮೊನ್ನೆ ಬಂತು. ಒಂದು ಬದಿ ಪೂರ್ತಿ ಊರಿನ ಸುದ್ದಿ. ಕೊನೆಗೆ, "ಅದು ನನ್ನ ತಲೆದಿಂಬಲ್ವಾ? ಟೊಪ್ಪಿಯನ್ನು ಅಲ್ಲಿಂದ ತೆಗೀರಿ," ಎಂದು ಹೇಳಿ ಮೆಷಿನ್ ಬಂದ್ ಮಾಡಿದ್ದಾಳೆ. ತಮ್ಮನ್ನು ಈಗ ಸ್ಟೂಲಿನ ಮೇಲೆ ಇಟ್ಟದ್ದು ಯಾಕೆಂದು ತಮಗೆ ತಿಳಿದಿರಲಿ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಈ ದೇಶಕ್ಕೆ ಬರಲು ತಮಗೆ ವೀಸಾ ಬೇಕಾಗಲಿಲ್ಲ. ವಿಮಾನದಲ್ಲಿ ಸಾಹೇಬರ ತೊಡೆಯ ಮೇಲೆ ಕುಳಿತು ಬಂದಿರಿ. ಕಂಪನಿಯ ಕಾರಿನಲ್ಲಿ ಮುಂದಿನ ಸೀಟು ತಮ್ಮ ಪೆಟ್ಟಿಗೆಗೆ, ಹಿಂದಿನದು ನನಗೆ, ತಿರುವಿನಲ್ಲಿ ಜೋಪಾನ ಎಂಬ ಕಟ್ಟಪ್ಪಣೆ ಡ್ರೈವರ್ ಹಂಝನಿಗೆ. ಈ ಸವಲತ್ತುಗಳಲ್ಲಿ ಅರ್ಧವನ್ನು ಕುಸುಮಾಳ ಹೆಸರಿಗೆ ವರ್ಗಾಯಿಸಲು ಕೃಪೆಮಾಡಬೇಕು. ನಿಯಮ ಅಡ್ಡಬಂದರೆ ಅವಳನ್ನು ತಮ್ಮ ಮೂರನೆಯ ರಿಬ್ಬನ್ ಎಂದು ತೋರಿಸಿ ತರಿಸಿಕೊಳ್ಳಬೇಕು. ಅದೂ ಆಗದಿದ್ದರೆ ಸಾಹೇಬರ ತಲೆಯೇರಿದಾಗ ಸ್ವಲ್ಪ ಬಿಗಿಯಾಗಿ, ಸಹಿಯ ನೆನಪಾಗುವವರೆಗೂ ಹಾಗೆಯೇ ಇದ್ದು, ಆಮೇಲೆ ಸಡಿಲಾಗಬೇಕು. ಇಷ್ಟು ವರ್ಷ ಅವರ ಮಿದುಳಿಗೆ ಅಷ್ಟು ಹತ್ತಿರವಿದ್ದೂ ಒಂದು ಒಳ್ಳೆಯ ಮಾತು ಹೇಳದ ತಮ್ಮ ಸಂಯಮವನ್ನು ಕೊಂಡಾಡುತ್ತೇನೆ, ಆದರೆ ಇನ್ನು ಸಾಕು. ನನಗೆ ನನ್ನ ಹೆಂಡತಿ ಬೇಕು.

ಹೊಸ ವರ್ಷದವರೆಗೆ ಮಾತ್ರ ಖಾತ್ರಿಯಾಗಿ
ತಮ್ಮ ವಿಶ್ವಾಸಿ,
ಭೋಜರಾಜ

ವಿ.ಸೂ.: ಸಾಹೇಬರ ಅಪ್ಪಣೆಯಂತೆ ಹೂವೂ ಬಿಲ್ಲೆಯೂ ಎಡಕ್ಕೆ ಮರಳಿವೆ. ಈ ಸಲ ಹೊಲಿದವನು ಕೊಗ್ಗಣ್ಣನಲ್ಲ, ನಾನು. ಸದ್ಯಕ್ಕೆ ಒಂದೇ ಎಳೆಯ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದ್ದೇನೆ. ಗುರುವಾರದೊಳಗೆ ಸಹಿಯಾದರೆ ಕೊಗ್ಗಣ್ಣ ಗಟ್ಟಿ ಹೊಲಿಗೆ ಹಾಕಿಕೊಡುತ್ತಾನೆ. ಆಗದಿದ್ದರೆ, ಸೊಹಾರ್‌ನಲ್ಲಿ ಸಾಹೇಬರ ಕುಣಿತ ಜೋರಾದಾಗ ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾರೆ. ಕುರ್ಚಿ ಹಾಕಿಸುವ ಕೆಲಸ ಅಲ್ಲಿಯೂ ನನ್ನದೇ. ಡೂಲನ್ ಸಾಹೇಬರಿಗೆ ಎಲ್ಲರಿಗಿಂತ ಮುಂದೆ ಹಾಕಿಸಲಿದ್ದೇನೆ.