ಎಣ್ಣೆ ಡಬ್ಬದ ಮಲ್ಲಿಗೆ

ನಮ್ಮ ಸೋದರಮಾವ ದೇವರನ್ನು ನಂಬುತ್ತಾರೆ, ಮನೆ ಓನರನ್ನು ಮಾತ್ರ ನಂಬುವುದಿಲ್ಲ. ದೇವರನ್ನಾದರೂ ಯಾಕೆ ನಂಬುತ್ತಾರೆ ಅಂದಿರಾ? ಆತ ಎಲ್ಲೂ ಮನೆ ಬಾಡಿಗೆಗೆ ಕೊಟ್ಟದ್ದನ್ನು ಇವರು ಕಂಡಿಲ್ಲ, ಅಷ್ಟೆ!

ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ವರ್ಗವಾದ ಊರಲ್ಲೆಲ್ಲ ಬಾಡಿಗೆ ಮನೆ. ತೊಂಬತ್ತರ ದಶಕ ಶುರುವಾದಾಗ ಕೆ.ಆರ್. ಪೇಟೆಯಲ್ಲಿದ್ದರು. ಮನೆ ಬದಲಾಯಿಸುವಾಗೆಲ್ಲ ಸಾಮಾನು ಹೊರಲು ನನಗೇ ಬುಲಾವ್. ಮೊದಲು ಟೆಂಪೋ ಹತ್ತುತ್ತಿದ್ದದ್ದು ಅತ್ತೆಯ ಮಲ್ಲಿಗೆ ಗಿಡ. ಅದು ಬೆಳೆದದ್ದೇ ಎಣ್ಣೆ ಡಬ್ಬದಲ್ಲಿ. ಡಬ್ಬ ತುಕ್ಕು ಹಿಡಿದರೆ ಇನ್ನೊಂದು ಡಬ್ಬ. ಅದನ್ನು ನೆಲಕ್ಕೆ ಹಾಕಬೇಕೆಂಬುದೊಂದೇ ಅತ್ತೆಯ ಆಸೆ.

ಕೆ.ಆರ್. ಪೇಟೆಯಲ್ಲಿ ಆ ಯೋಗ ಬಂದಿತ್ತು. ಮನೆಯೊಡತಿ ಮುದುಕಿ ತಾನಾಗಿಯೇ ಹೇಳಿದಳು: "ಡಬ್ಬದಾಗೆ ಯಾಕವ್ವ ಸೊರಗಿಸ್ತೀಯ? ನೆಲುಕ್ಕೆ ಆಕು. ಓಗುವಾಗ ಬೇಕಾದ್ರೆ ಕಿತ್ಕಂಡೋಗು."

ಅತ್ತೆ ಗುದ್ದಲಿ ಹುಡುಕಿದರು. ಮಾವ ಅದನ್ನು ಬಚ್ಚಿಟ್ಟಿದ್ದರು!

"ಮುದುಕಿ ಮಸಲತ್ತು ತಿಳೀಲಿಲ್ವಾ ನಿಂಗೆ? ಗಿಡ ಬೇರು ಬುಟ್ರೆ ನಾವೂ ಬುಡ್ತೀವಿ. ಆಮ್ಯಾಕೆ ಬಾಡಿಗೆ ಏರಿಸ್ತಾಳೆ. ಗಿಡದ ಮಕ ನೋಡ್ಕಂಡು ಕೊಟ್ಕಂಡಿರ್ಬೇಕು!"

ನಾಗಮಂಗಲದ ಓನರ್ ಹನ್ನೊಂದು ತಿಂಗಳ ಕರಾರು ಪತ್ರ ಮುಂದಿಟ್ಟ. ಮಾವ ಮೂರು ಸಲ ಓದಿದರು.

"ವರ್ಸಕ್ಕೆ ಅನ್ನೆಲ್ಡು ತಿಂಗ್ಳಲ್ವಾ ಸ್ವಾಮಿ? ಇನ್ನೊಂದು ತಿಂಗ್ಳು ನಾವೇನು ಮರದ ಮ್ಯಾಲಿರದಾ?"

"ಎಲ್ಲಾರೂ ಇಂಗೇ ಬರ್ಸೋದು ಕಣ್ರೀ," ಎಂದ ಆತ.

"ಅಂದ್ರೆ ಓನರ್‌ಗಳೆಲ್ಲಾ ಒಟ್ಗೆ ಕುಂತು ಮಾತಾಡ್ಕಂಡಿದ್ದೀರಿ ಅನ್ನಿ!"

ಶ್ರೀರಂಗಪಟ್ಟಣದಲ್ಲಿ ಓನರ್ ಹೆಂಡತಿ ಯುಗಾದಿಗೆ ಒಬ್ಬಟ್ಟು ತಂದುಕೊಟ್ಟಳು. ಮನೆ ಖಾಲಿ ಮಾಡಿಸುವ ಹುನ್ನಾರ ಎಂದರು ಮಾವ. ಅನುಮಾನಪಡುತ್ತಲೇ ನಾಲ್ಕು ತಿಂದರು. "ಸುಣ್ಣ ಬಳಿಯೋರು ನಾವು, ಗೋಡೆ ಅವ್ರದು. ಇದ್ಯಾವ ನ್ಯಾಯ ಕಣ್ಲಾ?" ಎಂದು ಐದನೆಯದಕ್ಕೆ ಕೈ ಹಾಕಿದರು.

"ಹಂಗಾದ್ರೆ ಸ್ವಂತ ಮನೆ ತಗೋ ಮಾವ," ಎಂದೆ.

"ಮಾರೋನು ಯಾಕ್ಲಾ ಮಾರ್ತಾನೆ? ಮನೆ ಚೆನ್ನಾಗಿದ್ರೆ ಅವ್ನೇ ಇರ್ತಿರ್ಲಿಲ್ವಾ?"

ಇಂಥವರು ಕೊನೆಗೂ ಪಾಂಡವಪುರದಲ್ಲಿ ಒಂದು ಹಳೇ ಮನೆ ಕೊಂಡರು. ಹಿತ್ತಲಲ್ಲಿ ಬೇಕಾದಷ್ಟು ಜಾಗ. ಇನ್ನಾದರೂ ಮಲ್ಲಿಗೆ ನೆಲಕ್ಕಿಳಿಯಿತು ಅಂದುಕೊಂಡಿರಾ? ಎಲ್ಲಿ ಬಂತು! "ಮನೆ ಮಾರ್ದೋನ್ಗೆ ಒಬ್ಬ ತಮ್ಮ ಅವ್ನೆ. ಯಾವತ್ತು ಬಂದು ಪಾಲು ಕೇಳ್ತಾನೋ! ತಡಿ, ನೋಡಾನ." ಎರಡು ವರ್ಷ ನೋಡಿದರು. ತಮ್ಮ ಬರಲಿಲ್ಲ. ಅತ್ತೆ ಕೇಳುವುದನ್ನೇ ಬಿಟ್ಟುಬಿಟ್ಟರು. ನನಗೆ ಮಾವನ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ.

ಆಮೇಲೆ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಒಬ್ಬ ಮೇಷ್ಟ್ರು ಬಂದರು. ನಮ್ಮ ಮಾವನೇ ಓನರ್! ಅವತ್ತು ನಾನೂ ಅಲ್ಲಿದ್ದೆ. ಮೇಷ್ಟ್ರ ಹೆಂಡತಿ, ಚಿಕ್ಕ ವಯಸ್ಸಿನ ಹುಡುಗಿ, ಪೇಂಟಿನ ಡಬ್ಬದಲ್ಲಿದ್ದ ಗುಲಾಬಿ ಗಿಡವನ್ನು ತಬ್ಬಿಕೊಂಡು ಒಳಗೆ ಬಂದಳು. ಮಾವ ಅದನ್ನೇ ನೋಡುತ್ತ ನಿಂತರು. ಆಮೇಲೆ ಏನನ್ನಿಸಿತೋ, ಹಾರೆ ತಂದು ಹಿತ್ತಲಲ್ಲಿ ಗುಂಡಿ ತೋಡಿದರು.

"ನೆಲುಕ್ಕೆ ಆಕವ್ವ. ಓಗುವಾಗ ಬೇಕಾದ್ರೆ ಕಿತ್ಕಂಡೋಗು."

ಹುಡುಗಿಯ ಮುಖ ಅರಳಿತು. ಮೇಷ್ಟ್ರು ಅವಳ ಕೈ ಹಿಡಿದೆಳೆದರು. "ಬ್ಯಾಡಿ ಸಾರ್, ಡಬ್ಬದಲ್ಲೇ ಇರ್ಲಿ." ಆಮೇಲೆ ನಮಗೂ ಕೇಳುವಂತೆ ಪಿಸುಗುಟ್ಟಿದರು: "ಸುಮ್ಕಿರು, ಏನೋ ಲೆಕ್ಕಾಚಾರ ಇಟ್ಕಂಡೇ ಯೋಳ್ತಾವ್ನೆ."

ನಾನು ಜೋರಾಗಿ ನಕ್ಕುಬಿಟ್ಟೆ. ಮಾವ ನಗಲಿಲ್ಲ. ಹಾರೆ ಹಿಡಿದು ಗುಂಡಿಯನ್ನೇ ನೋಡುತ್ತಿದ್ದರು.

"ಆ ಕೆ.ಆರ್. ಪೇಟೆ ಮುದುಕಿ ಒಳ್ಳೇವ್ಳೇ ಇದ್ಲು ಕಣ್ಲಾ," ಎಂದರು.

ಹೋಗಿ ಅತ್ತೆಯ ಡಬ್ಬ ಹೊತ್ತು ತಂದು, ತಗಡನ್ನು ಸೀಳಿದರು. ಬೇರೆಲ್ಲ ಸುತ್ತಿಕೊಂಡು ಡಬ್ಬದಂತೆಯೇ ಚೌಕವಾಗಿತ್ತು. "ಬಾ ಅಮ್ಮಿ, ನೀನೇ ನೆಡು," ಎಂದು ಅತ್ತೆಯನ್ನು ಕರೆದರು. ಅತ್ತೆ ಕುಕ್ಕರಗಾಲಲ್ಲಿ ಕುಳಿತು, ಬೇರು ಬಿಡಿಸಿ, ಬುಡಕ್ಕೆ ಮಣ್ಣು ಒತ್ತಿದರು.

"ತಡ ಮಾಡ್ಬುಟ್ನಲ್ವಾ?" ಎಂದರು ಮಾವ, ಬೇರೆತ್ತಲೋ ನೋಡುತ್ತ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೂ ಜೀವ ಐತೆ ಬುಡಿ. ಒಂದು ಚೆಂಬು ನೀರು ತನ್ನಿ."