ಸದ್ದಿಲ್ಲದ ಮೋಟರ್ ಮಹಾಶಯರಿಗೆ, ಒಂದು ಮೀನಿನ ಗಾತ್ರದ ವಿಷಯವಾಗಿ

ದಡದಲ್ಲಿ ನೆರೆದಿರುವ ಮಹಾಜನರೇ, ದೋಣಿಯ ಅಂಚಿನಿಂದ ಕಾಲು ಇಳಿಬಿಟ್ಟು ಕುಳಿತ ಸಹೃದಯರೇ, ಹಿಂದಿನ ಸಾಲಿನಲ್ಲಿ ಒದ್ದೆ ಬಟ್ಟೆ ಹಿಂಡುತ್ತಿರುವ ತಾಯಂದಿರೇ! ಈ ಪತ್ರ ನಿಮಗಲ್ಲ. ಆದರೂ ಗಟ್ಟಿಯಾಗಿ ಓದುತ್ತಿರುವುದರಿಂದ ಕಿವಿಗೊಟ್ಟು, ನ್ಯಾಯ ಹೇಳಿ ಹೋಗಬೇಕಾಗಿ ಪ್ರಾರ್ಥನೆ.

ಮಾನ್ಯ ಹೊಸ ಮೋಟರ್ ಮಹಾಶಯರೇ,

ಗಾಳಿ ಸಿಲಿಂಡರ್ ಹೊತ್ತು ಮುಳುಗು ಹಾಕುವವರನ್ನು ನೀರೊಳಗೆ ಎಳೆದೊಯ್ಯುವ ಸ್ಕೂಟರಿನ ಹೊಟ್ಟೆಯಲ್ಲಿ, ಕಾರ್ಬನ್ ಬ್ರಷ್ಷಿನ ಹಂಗಿಲ್ಲದೆ, ಸವೆತವಿಲ್ಲದೆ, ಸದ್ದಿಲ್ಲದೆ ವಿರಾಜಮಾನರಾಗಿರುವ ತಮಗೆ ಈ ದಡದ ಗೈಡ್ ಆದ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ತಮ್ಮ ಹಿರಿಯರಾದ ಹಳೆಯ ಮೋಟರ್ ಈಗ ನಮ್ಮ ಶೆಡ್ಡಿನ ಬೆಂಚಿನ ಮೇಲೆ ಗೋಣಿಚೀಲ ಹೊದ್ದು ಮಲಗಿದ್ದಾರೆ. ಅವರ ಬ್ರಷ್ಷುಗಳು ತಿರುಗುವ ತಾಮ್ರಕ್ಕೆ ಉಜ್ಜಿ ಉಜ್ಜಿ ಸವೆಯುತ್ತಿದ್ದವು, ಕರಿ ಪುಡಿ ಉದುರಿಸುತ್ತಿದ್ದವು, ಬ್ಯಾಟರಿಯನ್ನು ಗಟಗಟನೆ ಕುಡಿದು ಮುಗಿಸುತ್ತಿದ್ದವು, ಒಪ್ಪಿದೆ. ಆದರೆ ಅವರು ಗುಡುಗುತ್ತಿದ್ದರು, ಸ್ವಾಮಿ, ಗುಡುಗುತ್ತಿದ್ದರು.

ಇಲ್ಲಿ ನೀರಿನಡಿ ಒಂದು ಮುಳುಗಿದ ಹಡಗಿದೆ, ಅದರೊಳಗೆ 'ಯಜಮಾನ್ರು' ಎಂಬ ಮೀನಿದೆ. ಇಳಿಯುವ ಮುನ್ನ ಗಿರಾಕಿಗಳನ್ನು ದೋಣಿಯಲ್ಲಿ ಕೂರಿಸಿ ಅದರ ಕಥೆ ಹೇಳುವುದು ನನ್ನ ವಾಡಿಕೆ: ಬಾಗಿಲಿನಷ್ಟು ಮೈ, ಬಕೆಟ್ಟಿನಷ್ಟು ಬಾಯಿ, ಒಮ್ಮೆ ಲಂಗರನ್ನೇ ನುಂಗಿ ರುಚಿಸದೆ ಉಗುಳಿದ ಖ್ಯಾತಿ. ಆಮೇಲೆ ಹಳೆಯ ಮೋಟರ್ ಗುಡುಗುತ್ತ ಇಳಿಯುವರು, ಮೀನೆಲ್ಲ ಪರಾರಿಯಾಗುವುದು, ಗಿರಾಕಿಗಳು ಕಾಣದ ಯಜಮಾನರಿಗೆ ಹೆದರಿ ಸಂತೋಷದಿಂದ ಮೇಲೆ ಬರುವರು. ಎಂಥ ಸೊಗಸಾದ ಏರ್ಪಾಟು!

ಇದಕ್ಕೆ ಕಲ್ಲು ಹಾಕಿದ್ದು ಶೆಡ್ಡಿನ ಮೆಕ್ಯಾನಿಕ್, ಅಂದರೆ ನನ್ನ ಹೆಂಡತಿ. ತಮ್ಮನ್ನು ತಂದು ಇನ್ನೊಂದು ಸ್ಕೂಟರಿನಲ್ಲಿ ಕೂರಿಸಿ, "ರೀ, ನೀರೊಳಗಾದ್ರೂ ನಿಮ್ಮ ಬಾಯಿ ಮುಚ್ಚಿರುತ್ತೆ ಅಂದ್ಕೊಂಡಿದ್ದೆ. ಅಲ್ಲಿ ನಿಮ್ಮ ಹಳೇ ಮೋಟರ್ ಬಾಯಿ ಬಿಡುತ್ತೆ," ಎಂದಳು. ನನಗೆ ರೋಷವೇರಿತು. ಎರಡೂ ಮೋಟರುಗಳ ಹೋಲಿಕೆ ಗಿರಾಕಿಗಳೆದುರೇ ಆಗಲಿ, ಅದೂ ಹಡಗಿನ ಬಾಗಿಲಲ್ಲೇ ಆಗಲಿ ಎಂದು ತೊಡೆ ತಟ್ಟಿದವನು ನಾನೇ.

ನನ್ನ ಕೈಯಲ್ಲಿದ್ದ ಹಳಬರು ಅರ್ಧ ದಾರಿಯಲ್ಲೇ ಬ್ಯಾಟರಿ ಮುಗಿಸಿ ನಿಂತರು. ತಾವೋ, ನನ್ನ ನಾದಿನಿಯ ಕೈಯಲ್ಲಿ, ಅವರನ್ನೂ ನನ್ನನ್ನೂ ಎಳೆದುಕೊಂಡೇ ನಿಶ್ಶಬ್ದವಾಗಿ ಹಡಗಿನ ಬಾಗಿಲು ಮುಟ್ಟಿದಿರಿ. ಯಜಮಾನರು ಹೊರಗೆ ಬಂದರು. ಚಪ್ಪಲಿಯಷ್ಟಿದ್ದರು. ಅದೂ ಮಕ್ಕಳ ಚಪ್ಪಲಿ. ನನ್ನ ಈಜುಗನ್ನಡಕದ ಗಾಜಿನೊಳಗೆ ಇಣುಕಿ, ಗುರುತು ಸಿಗದವರಂತೆ ಹಿಂದಿರುಗಿದರು. ನೀರೊಳಗೆ ನಗು ಕೇಳಿಸುವುದಿಲ್ಲ, ಗುಳ್ಳೆಯಾಗಿ ಮೇಲೇರುತ್ತದೆ. ಅಷ್ಟು ಗುಳ್ಳೆಗಳನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಮೇಲೆ ಬಂದವನೇ, ಅದು ಯಜಮಾನರ ಮೊಮ್ಮಗ, ಅವರ ಪರವಾಗಿ ಸ್ವಾಗತಕ್ಕೆ ಬಂದಿತ್ತು ಎಂದು ಘೋಷಿಸಿದೆ. ಹೆಂಡತಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದಳು: "ಹೌದಾ? ಹಾಗಾದ್ರೆ ನಾಳೆ ತಾತನ್ನ ತೋರಿಸಿ. ಇಲ್ಲಾಂದ್ರೆ ಇನ್ಮೇಲೆ ದೋಣೀಲಿ ಮಾತಾಡೋದು ನನ್ನ ತಂಗಿ." ಈ ತಂಗಿಯ ಒಟ್ಟು ಭಾಷಣ 'ಇಳೀರಿ' ಮತ್ತು 'ಹತ್ತಿ' ಎಂಬ ಎರಡು ಮಾತು. ಮಾತಿಲ್ಲದ ದೋಣಿಯಲ್ಲಿ ನನಗೇನು ಕೆಲಸ, ತಾವೇ ಹೇಳಿ.

ಆದ್ದರಿಂದ ದಕ್ಷತೆಯ ಸಾಕಾರಮೂರ್ತಿಗಳಾದ ತಾವು ಹಡಗು ಸಮೀಪಿಸಿದಾಗ ದಯವಿಟ್ಟು ಒಮ್ಮೆ ಕೆಮ್ಮಬೇಕು. ಕೆಮ್ಮು ತಮ್ಮ ಘನತೆಗೆ ಕಡಿಮೆಯಾದರೆ ಆ ಮೀನನ್ನು ಬೆಳಗಾಗುವುದರೊಳಗೆ ಬಾಗಿಲಿನಷ್ಟು ಬೆಳೆಸಿಕೊಡಬೇಕು. ಇಷ್ಟೆಲ್ಲ ಬಲ್ಲವರಿಗೆ ಅದೇನು ಮಹಾ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಬಾಯಿ ಇರುವ ಗೈಡ್

ತಾ.ಕ.: ಈ ಭಾಗವನ್ನು ಮಹಾಜನರಿಗೆ ಓದಿ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ತಮ್ಮನ್ನೇ ಮುಂದಿಟ್ಟುಕೊಂಡು ಇಳಿಯುತ್ತೇನೆ. ಬೆನ್ನಿಗೆ ಮಾತ್ರ ಹೊಸ ಬ್ರಷ್ ಹಾಕಿದ ಹಳಬರನ್ನು ಬ್ಯಾಟರಿ ಸಮೇತ ಕಟ್ಟಿಕೊಂಡಿರುತ್ತೇನೆ. ಬಾಗಿಲಲ್ಲಿ ತಾತ ಕಾಣದಿದ್ದರೆ ಹಳಬರನ್ನು ಒಮ್ಮೆ ಗುಡುಗಿಸಿ, ಮೇಲೆ ಬಂದು, ಈಗ ತಾನೇ ಇದ್ದರು, ಬೆಚ್ಚಿ ಓಡಿದರು ಎಂದು ದೋಣಿಯಲ್ಲಿ ನಿಂತು ಸಾರುತ್ತೇನೆ. ತಮ್ಮಂಥ ಮೌನಿಗಳು ಸಾಕ್ಷಿ ಹೇಳುವುದಿಲ್ಲವೆಂಬ ಧೈರ್ಯ ನನಗಿದೆ.