ಸಂತರ ಬೆರಳು, ದರ್ಜಿಯ ಬಾಯಿ

ಸಂತರ ಕಿರುಬೆರಳು ಟೇಪಣ್ಣನ ಒರೆಸುವ ಬಟ್ಟೆಯೊಳಗೆ ಬಂದುಬಿಟ್ಟಿತ್ತು. ಮೊದಲು ಅವನು ಅದನ್ನು ಮೇಣದಬತ್ತಿಯ ತುಂಡು ಅಂದುಕೊಂಡ. ಆಮೇಲೆ ತುದಿಯಲ್ಲಿ ಉಗುರು ಕಂಡಿತು. ತಲೆಯೆತ್ತಿ ನೋಡಿದರೆ, ಆಶೀರ್ವಾದಕ್ಕೆಂದು ಎತ್ತಿದ್ದ ಸಂತರ ಪ್ರತಿಮೆಯ ಕೈಯಲ್ಲಿ ನಾಲ್ಕೇ ಬೆರಳು.

ಸುಮ್ಮನೆ ಏಣಿಯಿಂದ ಇಳಿದು ಬಂದಿದ್ದರೆ ಬಚಾವಾಗುತ್ತಿದ್ದನೋ ಏನೋ. ಆದರೆ ಟೇಪಣ್ಣ "ಅಯ್ಯೋ ದೇವರೇ!" ಎಂದು ಕೂಗಿಬಿಟ್ಟ. ಬೆಂಚುಗಳನ್ನೆಲ್ಲ ಹೊರಗಿಟ್ಟಿದ್ದ ಖಾಲಿ ಚರ್ಚು. ಆ ಕೂಗು ನಾಲ್ಕೂ ಗೋಡೆಗೆ ಬಡಿದು ಊರಿಗೆಲ್ಲ ಕೇಳಿಸಿತು. ಬಣ್ಣ ಬಳಿಯುತ್ತಿದ್ದವರು, ಗಾಜು ಒರೆಸುತ್ತಿದ್ದವರು, ಕೆಲಸವಿಲ್ಲದೆ ಸಲಹೆ ಕೊಡುತ್ತಿದ್ದವರು ಎಲ್ಲರೂ ಓಡಿಬಂದರು.

"ಮುಗೀತು! ತಾತ ಮುತ್ತಾತರ ಕಾಲದಿಂದ ನೆಟ್ಟಗಿದ್ದ ಬೆರಳು, ಇವನು ಕೈ ಇಟ್ಟ, ಮುಗೀತು!" ಎಂದರು ಹೆಡ್ಮಾಸ್ಟರು. ಶಾಲೆಯಿಂದ ನಿವೃತ್ತರಾದರೂ ಬಯ್ಯುವುದರಿಂದ ನಿವೃತ್ತರಾಗದ ಅವರೇ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು.

"ಒರೆಸು ಅಂದ್ರೆ ತಿರುಚು ಅಂತ ಅರ್ಥವೇನೋ?" ಎಂದರು ಗಾಯನ ಮಂಡಳಿಯ ದೊಡ್ಡಕ್ಕ.

"ನಾನು ಮುಟ್ಟಿದ್ದಷ್ಟೇ ಅಕ್ಕ, ಅದಾಗಿ ಅದೇ ಬಂತು!"

"ಬೆರಳು ಅದಾಗಿ ಅದೇ ಬರಕ್ಕೆ ಅದೇನು ಹುಣಸೆಕಾಯಾ?" ಎಂದ ಗಾರೆ ಮೇಸ್ತ್ರಿ.

ಟೇಪಣ್ಣ ದರ್ಜಿ. ಅಳತೆಯ ಟೇಪು ಅವನ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಮದುವೆಯ ಕೋಟಿನ ಮೇಲೂ ಅದು ನೇತಾಡುತ್ತಿತ್ತೆಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ಇಂಥವನಿಗೆ ಬಾಳಿನಲ್ಲಿ ಒಂದೇ ಒಂದು ಆಸೆ: ಚರ್ಚಿನ ಗಂಟೆ ಬಾರಿಸಬೇಕು. ಅವನ ತಾತ ಬಾರಿಸುತ್ತಿದ್ದ ಗಂಟೆ. ಗೋಪುರ ಬಿರುಕು ಬಿಟ್ಟ ಮೇಲೆ ಅದು ಮೂಕವಾಗಿತ್ತು. ಸೋರುವ ಚಾವಣಿ, ಗೆದ್ದಲು ಹಿಡಿದ ಬಾಗಿಲು, ಹಕ್ಕಿಗಳು ಸಂಸಾರ ಹೂಡಿದ್ದ ಗೋಪುರ, ಎಲ್ಲವನ್ನೂ ಊರವರೇ ಕೈಜೋಡಿಸಿ ರಿಪೇರಿ ಮಾಡಿ ಈಗ ಕೊನೆಯ ಹಂತಕ್ಕೆ ತಂದಿದ್ದರು. ನಾಳೆ ಬೆಳಿಗ್ಗೆ ಚರ್ಚು ಮತ್ತೆ ತೆರೆಯುತ್ತದೆ, ಮೊದಲ ಗಂಟೆ ಟೇಪಣ್ಣನದು ಎಂದು ಸಮಿತಿ ಒಪ್ಪಿಯೂ ಆಗಿತ್ತು. ಆ ಖುಷಿಯಲ್ಲಿ ಅವನು ಒಂದು ವಾರದಿಂದ ಗಿರಾಕಿಗಳ ತೋಳಿನ ಅಳತೆಯನ್ನು ಕಾಲಿಗೆ ಬರೆದುಕೊಳ್ಳುತ್ತಿದ್ದ.

"ಬೆರಳು ಕಾಯೋಕ್ಕಾಗದವನ ಕೈಗೆ ಗಂಟೆ ಹಗ್ಗ ಕೊಡೋದಾ? ಸಂಜೆ ಸಭೆಯಲ್ಲಿ ತೀರ್ಮಾನ ಮಾಡೋಣ. ಅಲ್ಲೀವರೆಗೆ ನೀನು ಯಾವ ಸಂತರ ಹತ್ತಿರವೂ ಸುಳೀಬೇಡ. ಹೋಗು, ಪಾಪನಿವೇದನೆ ಗೂಡಿಗೆ ಪರದೆ ಹೊಲಿ" ಎಂದರು ಹೆಡ್ಮಾಸ್ಟರು.

ಪಾಪನಿವೇದನೆಯ ಗೂಡು ಎಂದರೆ ಹಳೆಯ ಮರದ ದೊಡ್ಡ ಕಪಾಟಿನಂಥದ್ದು. ನಡುವೆ ಫಾದರ್ ಕೂರುವ ಪೀಠ, ಪಕ್ಕದಲ್ಲಿ ಪಾಪ ಹೇಳಿಕೊಳ್ಳುವವರು ಮಂಡಿಯೂರುವ ಜಾಗ, ಮಧ್ಯೆ ಜಾಲರಿ. ಪಾಲಿಶ್ ಆಗಿ ಮೂಲೆಯಲ್ಲಿ ಹೊಳೆಯುತ್ತಿತ್ತು. ಟೇಪಣ್ಣ ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಒಳಗೆ ಫಾದರ್ ಪೀಠದಲ್ಲೇ ಕೂತ. ದಪ್ಪ ನೇರಳೆ ಪರದೆಯನ್ನು ಒಳಗಿನಿಂದಲೇ ಮಡಿಚಿ, ಮಡಿಕೆಗೊಂದು ಪಿನ್ನು ಚುಚ್ಚುತ್ತಾ, ಮಡಿಕೆಗೊಂದು ನಿಟ್ಟುಸಿರು ಬಿಟ್ಟ.

ನಾಳೆಯ ಪೂಜೆಗೆ ಮೊದಲು ಎಲ್ಲರೂ ಪಾಪನಿವೇದನೆ ಮಾಡಿಕೊಳ್ಳಿ ಎಂದು ಫಾದರ್ ಹೇಳಿದ್ದು ಅವನಿಗೆ ಮರೆತೇಹೋಗಿತ್ತು. ಫಾದರೋ ಗೋಪುರ ಹತ್ತಿ, ಸಿಕ್ಕಿಕೊಂಡ ಗಂಟೆಯ ಹಗ್ಗ ಬಿಡಿಸುತ್ತಿದ್ದರು. ಗೂಡಿಗೆ ಪರದೆ ಬಿದ್ದಿದೆ, ಒಳಗೆ ಯಾರೋ ಉಸಿರಾಡುತ್ತಿದ್ದಾರೆ. ಜನಕ್ಕೆ ಇನ್ನೇನು ಬೇಕು?

ಜಾಲರಿಯ ಆಚೆ ಮಂಡಿಯೂರಿದ ಸದ್ದಾಯಿತು. "ಆಶೀರ್ವಾದ ಮಾಡಿ ಫಾದರ್, ನಾನು ಪಾಪಿ."

ದೊಡ್ಡಕ್ಕನ ದನಿ! "ನಾನು ಫಾದರ್ ಅಲ್ಲ" ಎನ್ನಲು ಟೇಪಣ್ಣ ಬಾಯಿ ತೆರೆಯಬೇಕು. ತೆರೆದರೆ ಪಿನ್ನು ಗಂಟಲಿಗೆ. "ಉಂ ಉಂ!" ಎಂದ. ಅದು ಹೇಳು ಹೇಳು ಎಂದಂತೆ ಕೇಳಿಸಿತು.

"ಸಂತರ ಬೆರಳು ಮುರಿದದ್ದು ನಾನು ಫಾದರ್! ಧೂಳು ಬೀಳಬಾರದು ಅಂತ ಬಟ್ಟೆ ಹೊದಿಸೋಕೆ ಹೋಗಿ ನಿನ್ನೆ ಎಳೆದುಬಿಟ್ಟೆ. ಮೇಣ ಕರಗಿಸಿ ಅಂಟಿಸಿದೆ. ಪಾಪ, ಆ ದರ್ಜಿ ಸಿಕ್ಕಿಬಿದ್ದ."

ಟೇಪಣ್ಣ ಅಷ್ಟೂ ಪಿನ್ನನ್ನು ಅಂಗೈಗೆ ಉಗಿದುಕೊಂಡ. ಆಚೆಯಿಂದ "ಪ್ರಾಯಶ್ಚಿತ್ತ ಏನು ಫಾದರ್?" ಎಂಬ ಪ್ರಶ್ನೆ ಬಂತು. ಸುಣ್ಣದ ಧೂಳಿಗೆ ಕಟ್ಟಿದ್ದ ಗಂಟಲಲ್ಲಿ, ತನಗೇ ಗೊತ್ತಿಲ್ಲದೆ, ಅವನು ಪಿಸುಗುಟ್ಟಿದ: "ಸಂಜೆ ಸಭೆಯಲ್ಲಿ ಆ ಬಡಪಾಯಿ ದರ್ಜಿಯ ಪರವಾಗಿ ಮಾತಾಡು."

"ಆಗಲಿ ಫಾದರ್. ಮತ್ತೆ ಪಾಪಕ್ಷಮೆ?"

ಅಷ್ಟು ದೂರ ಹೋಗಲು ಟೇಪಣ್ಣನನ್ನು ದೇವರ ಭಯ ಬಿಡಲಿಲ್ಲ. ಅಂಗಡಿಯ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಒಂದೇ ಮಾತು: "ನಾಳೆ ಬಾ."

ಅಕ್ಕ ಎದ್ದುಹೋದರು. ಇವನು ಪರದೆ ಸರಿಸಿ ಓಡಬೇಕು ಎನ್ನುವಷ್ಟರಲ್ಲಿ ಇನ್ನೊಬ್ಬರು ಮಂಡಿಯೂರಿದರು. ಮೇಸ್ತ್ರಿ! ನಿನ್ನೆ ರಾತ್ರಿ ಅವನ ಏಣಿ ತಗುಲಿ ಬೆರಳು ಬಿತ್ತಂತೆ. ಮೊದಲೇ ಯಾರೋ ಅಂಟಿಸಿದ್ದು ಅವನಿಗೆ ಹೊಳೆಯಲೇ ಇಲ್ಲ. ತಾನೇ ಮುರಿದೆ ಎಂದು ಹೆದರಿ ಗಾರೆ ಮೆತ್ತಿ ಕೂರಿಸಿದನಂತೆ. ಟೇಪಣ್ಣ ಅದೇ ಪ್ರಾಯಶ್ಚಿತ್ತ ಹೇಳಿ, ನಾಳೆ ಬಾ ಎಂದ.

ಮೂರನೆಯದು ಹೆಡ್ಮಾಸ್ಟರ ಕೆಮ್ಮು. ಬೆಳಗಾಗುತ್ತಲೇ ಯಾರೂ ಇಲ್ಲದಾಗ ಬಂದು, ನಾಳೆಯ ಭಾಷಣವನ್ನು ಸಂತರ ಮುಂದೆ ಅಭ್ಯಾಸ ಮಾಡಿದ್ದರಂತೆ. "ಆವೇಶದಲ್ಲಿ ಕೊಡೆ ಬೀಸಿದೆ ಫಾದರ್. ಬೆರಳು ನನ್ನ ಕಾಲ ಬುಡಕ್ಕೇ ಬಂತು. ನೋಟಿಸು ಅಂಟಿಸೋ ಗೋಂದಿನಲ್ಲಿ ಹಚ್ಚಿ ಮನೆಗೆ ಹೋದೆ."

ಟೇಪಣ್ಣನಿಗೆ ಗೂಡಿನೊಳಗೇ ಕುಣಿಯಬೇಕು ಅನ್ನಿಸಿತು. ಬೆರಳು ಮುರಿಯದೆ ಇದ್ದವನು ಊರಿಗೆಲ್ಲ ತಾನೊಬ್ಬನೇ! "ಆ ದರ್ಜಿಯ ಪರವಾಗಿ ಮಾತಾಡು. ಚೆನ್ನಾಗಿ ಮಾತಾಡು. ಮನಸ್ಸು ಬಿಚ್ಚಿ ಮಾತಾಡು" ಎಂದು ಹೆಡ್ಮಾಸ್ಟರಿಗೆ ಒಂದು ಹಿಡಿ ಜಾಸ್ತಿಯೇ ಪ್ರಾಯಶ್ಚಿತ್ತ ಕೊಟ್ಟ.

ಅವರು ಹೋದದ್ದೇ ತಡ, ಪರದೆ ಕಿತ್ತುಕೊಂಡು ಹೊರಗೆ ಹಾರಿದ. ಹಾರಿದವನು ಹೋಗಿ ಬಿದ್ದದ್ದು ಫಾದರ್ ಮೇಲೆ.

"ಫಾದರ್, ಬೆರಳು ಮುರಿದದ್ದು ಯಾರು ಅಂತ ಗೊತ್ತಾಯ್ತು! ಅವರ ಬಾಯಿಂದಲೇ ಕೇಳಿದೆ! ಮೊದಲನೆಯವರು..."

ಫಾದರ್ ಗೂಡು ನೋಡಿದರು, ಪರದೆ ನೋಡಿದರು, ಟೇಪಣ್ಣನ ಮುಖ ನೋಡಿದರು. ನೋಡನೋಡುತ್ತಾ ಕೆಂಪಾದರು. "ಬಾಯಿ ಮುಚ್ಚು! ಒಂದು ಹೆಸರೂ ಹೇಳಬೇಡ! ಈ ಗೂಡಿನಲ್ಲಿ ಹೇಳಿದ್ದು ಗುರುವಿನ ಕಿವಿಗೆ ಬೀಳಲಿ, ಆಕಸ್ಮಿಕವಾಗಿ ನಿನ್ನಂಥವನ ಕಿವಿಗೆ ಬೀಳಲಿ, ಸಾಯೋವರೆಗೆ ಹೊರಗೆ ಬರೋಹಾಗಿಲ್ಲ. ಸಭೆಯವರೆಲ್ಲ ಸೇರಿ ನಿನ್ನನ್ನು ಹುರಿದು ತಿಂದರೂ ಇಲ್ಲ. ತಿಳೀತಾ?"

"ತಿಳೀತು ಫಾದರ್."

"ಪಾಪಕ್ಷಮೆ ಏನಾದ್ರೂ ಕೊಟ್ಟೆಯಾ?"

"ಛೇ ಛೇ! ನಾಳೆ ಬನ್ನಿ ಅಂದಿದ್ದೀನಿ."

ಫಾದರ್ ಹಣೆ ಒತ್ತಿಕೊಂಡರು. "ನಿನ್ನ ಪ್ರಾಯಶ್ಚಿತ್ತ ನಾನು ಆಮೇಲೆ ನೋಡ್ಕೋತೀನಿ."

ಆದರೂ ಟೇಪಣ್ಣನ ಉತ್ಸಾಹ ಕುಂದಲಿಲ್ಲ. ತಾನೇಕೆ ಬಾಯಿ ಬಿಡಬೇಕು? ಮೂರು ಬಾಯಿಗಳಿಗೆ ಆಗಲೇ ಕೀಲಿ ಕೊಟ್ಟಾಗಿದೆ. ಮನೆಗೆ ಓಡಿ, ಮುಖ ತೊಳೆದು, ಹೊಸ ಅಂಗಿ ತೊಟ್ಟು, "ಬೇಗ ಹೊರಡೇ, ಇವತ್ತು ನಿನ್ನ ಗಂಡ ಯಾರು ಅಂತ ನೋಡ್ತೀಯಂತೆ" ಎಂದು ಹೆಂಡತಿಯನ್ನು ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ.

ಸಭೆ ಶುರುವಾಗುತ್ತಲೇ ದೊಡ್ಡಕ್ಕ ಎದ್ದರು. ಟೇಪಣ್ಣ ಹೆಂಡತಿಯ ಮೊಣಕೈ ತಿವಿದ.

"ಆ ದರ್ಜಿಯನ್ನ ಯಾರೂ ಬಯ್ಯಬೇಡಿ" ಎಂದು ಅಕ್ಕ ಶುರುಮಾಡಿದರು. "ಅವನದೇನೂ ತಪ್ಪಿಲ್ಲ. ವಯಸ್ಸಾಯ್ತು, ಕಣ್ಣು ಕಾಣಲ್ಲ. ಹೋದ ತಿಂಗಳು ನನ್ನ ರವಿಕೆಗೆ ಎರಡೂ ಎಡತೋಳೇ ಇಟ್ಟಿದ್ದ. ನಾನು ಒಂದು ಮಾತಾದ್ರೂ ಅಂದೆನಾ?"

ಜನ ಅಯ್ಯೋ ಪಾಪ ಎಂದರು. ಟೇಪಣ್ಣನ ನಗು ಅರ್ಧಕ್ಕೆ ನಿಂತಿತು.

ಮೇಸ್ತ್ರಿ ಎದ್ದ. "ಅಣ್ಣನ ಕೈ ನಡುಗುತ್ತೆ ಸ್ವಾಮಿ. ನಾನೇ ನೋಡಿದ್ದೀನಿ. ಅಂಥವನನ್ನ ಏಣಿ ಹತ್ತಿಸಿದ್ದು ನಮ್ಮ ತಪ್ಪು. ನಾಳೆ ಆ ಭಾರದ ಹಗ್ಗ ಎಳೆಯೋವಾಗ ಅಣ್ಣನಿಗೆ ಏನಾದ್ರೂ ಆದ್ರೆ ನನಗೆ ಊಟ ಸೇರುತ್ತಾ?" ಎಂದು ಕಣ್ಣೊರೆಸಿಕೊಂಡ. ಹೆಂಗಸರ ಸಾಲಿನಲ್ಲೂ ಮೂಗೊರೆಸುವ ಸದ್ದಾಯಿತು.

"ನನ್ನ ಕೈ ನಡುಗಲ್ಲ!" ಎಂದು ಟೇಪಣ್ಣ ಎದ್ದು ನಿಂತು ಕೈ ಚಾಚಿದ. ಕೋಪಕ್ಕೆ ಅದು ಗಡಗಡ ನಡುಗುತ್ತಿತ್ತು.

ಕೊನೆಗೆ ಹೆಡ್ಮಾಸ್ಟರು ಎದ್ದು, ಮನಸ್ಸು ಬಿಚ್ಚಿ ಮಾತಾಡಿದರು. ಬೆಳಿಗ್ಗೆ ಬಯ್ದದ್ದಕ್ಕೆ ಎಲ್ಲರೆದುರು ಕೈ ಮುಗಿದರು. ಇಷ್ಟು ನಿಷ್ಕಪಟ ಮನುಷ್ಯ ಊರಲ್ಲಿ ಇನ್ನೊಬ್ಬನಿಲ್ಲ ಎಂದರು. "ಅದಕ್ಕೇ ಹೇಳ್ತೀನಿ, ಇವನನ್ನ ಇನ್ನು ದಣಿಸೋದು ಬೇಡ. ಬೆರಳು ಮುರಿದದ್ದನ್ನ ಕ್ಷಮಿಸೋಣ. ಗಂಟೆಯ ಭಾರ ಇವನ ಪರವಾಗಿ ನಾನೇ ಹೊರ್ತೀನಿ. ನಾಳೆ ನಾನು ಹಗ್ಗ ಎಳೆಯೋವಾಗ ಇವನು ಕುರ್ಚಿ ಹಾಕ್ಕೊಂಡು ನೆಮ್ಮದಿಯಾಗಿ ಕೇಳಲಿ!"

ಚಪ್ಪಾಳೆಗೆ ಹೊಸ ಚಾವಣಿ ಕಿತ್ತುಹೋಗುವುದೊಂದು ಬಾಕಿ.

ಟೇಪಣ್ಣನ ಬಾಯಿ ತಾನೇ ತೆರೆದುಕೊಂಡಿತು. ಮೂರೂ ಹೆಸರು ನಾಲಗೆಯ ತುದಿಗೆ ಬಂದು ನಿಂತವು. ಎದುರಿಗೆ ಕೂತಿದ್ದ ಫಾದರ್ ಮೆಲ್ಲಗೆ ಕೆಮ್ಮಿದರು. ಬಾಯಿ ಮುಚ್ಚಿಕೊಂಡಿತು.

"ಏನ್ರೀ ಹಾಗೆ ನಿಂತ್ರಿ?" ಹೆಂಡತಿ ಆನಂದಬಾಷ್ಪ ಸುರಿಸುತ್ತಾ ಅವನ ಅಂಗಿ ಜಗ್ಗಿದಳು. "ಅಷ್ಟು ದೊಡ್ಡವರು ನಿಮ್ಮ ಪರವಾಗಿ ಮಾತಾಡಿದ್ದಾರೆ. ಒಂದು ಥ್ಯಾಂಕ್ಸ್ ಹೇಳೋಕ್ಕಾಗಲ್ವಾ?"

ಟೇಪಣ್ಣ ಮೂವರ ಕಡೆಗೂ ತಿರುಗಿ ಕೈ ಮುಗಿದು, ಥ್ಯಾಂಕ್ಸ್ ಹೇಳಿದ.